ಕಟ್ಟಡ ಕಟ್ಟಿದರೆ ಸಾಲದು
ಚಾಮರಾಜನಗರದ ಕಾಡಂಚಿನ ಜನರಿಗೆ ಇನ್ನಷ್ಟು ಆಸ್ಪತ್ರೆ ಕಟ್ಟಡ ಬೇಕು ಅಂತ ಬರೆದಿದ್ದೀರಿ. ಬೇಡ ಅನ್ನಲ್ಲ, ಆದರೆ ಒಳಗೆ ಯಾರಿರುತ್ತಾರೆ ಅನ್ನೋದೇ ಮುಖ್ಯ ಅಲ್ವಾ? ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರು ಮಾಡಿದರು. ಅಲ್ಲಿ ನನಗೆ ತುಂಬಾ ಹಿಡಿಸಿದ್ದು, ಅಲ್ಲಿನ ಸೋಲಿಗ ಬುಡಕಟ್ಟಿನ ಹೆಣ್ಣುಮಕ್ಕಳಿಗೇ ನರ್ಸ್ ತರಬೇತಿ ಕೊಟ್ಟಿದ್ದು. ಅವರಿಗೆ ಪೋಡಿನ, ಅಂದರೆ ಸೋಲಿಗರ ಪುಟ್ಟ ಊರಿನ, ಮಾತು ಗೊತ್ತು, ದಾರಿ ಗೊತ್ತು, ಬಸುರಿ ಯಾಕೆ ಆಸ್ಪತ್ರೆಗೆ ಬರಲು ಹಿಂಜರಿಯುತ್ತಾಳೆ ಅನ್ನೋದೂ ಗೊತ್ತು. ಹೊರಗಿನಿಂದ ವರ್ಗವಾಗಿ ಬಂದು ಮತ್ತೆ ವರ್ಗಕ್ಕೇ ಕಾಯುವವರಿಗೆ ಇದೆಲ್ಲ ಎಲ್ಲಿಂದ ಬರಬೇಕು!

ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ, ಹೆತ್ತವರಿಂದ ಮಕ್ಕಳಿಗೆ ಬರುವ ಸಿಕಲ್ ಸೆಲ್ ರಕ್ತಹೀನತೆಯನ್ನೇ ನೋಡಿ. ಒಂದು ದಿನ ಶಿಬಿರ ಹಾಕಿ, ರಕ್ತ ತೆಗೆದು, ಕಾರ್ಡ್ ಕೊಟ್ಟು ಫೋಟೋ ಹೊಡೆಸಿಕೊಂಡರೆ ಮುಗಿಯುವ ಕಾಯಿಲೆ ಅಲ್ಲ ಇದು. ಚಳಿಗೆ, ನೀರು ಕಡಿಮೆ ಕುಡಿದರೆ, ಮೈ ಮುರಿದು ದುಡಿದರೆ ಮೂಳೆಯೊಳಗೆ ನೋವು ಎದ್ದುಬಿಡುತ್ತದೆ. ಈ ನೋವು ಪದೇ ಪದೇ ಬರುವುದನ್ನು ಕಡಿಮೆ ಮಾಡುವ ಹೈಡ್ರಾಕ್ಸಿಯೂರಿಯಾ ಮಾತ್ರೆ ಕೊಟ್ಟವರಿಗೆ ಅದು ತಪ್ಪದೆ ಸಿಗಬೇಕು, ನಡುನಡುವೆ ರಕ್ತ ಪರೀಕ್ಷೆಯೂ ಆಗಬೇಕು. ಕಾಫಿ ತೋಟದ ಕೂಲಿ ಬಿಟ್ಟು, ಬಸ್ ಹಿಡಿದು, ಆನೆ ಓಡಾಡುವ ಹೊತ್ತಿಗೆ ಮುಂಚೆ ಮನೆ ಸೇರು ಅಂದರೆ ಯಾರು ತಾನೇ ತಿಂಗಳು ತಿಂಗಳು ಬರುತ್ತಾರೆ? ಮಾತ್ರೆ ಪೋಡಿಗೇ ಹೋಗಲಿ. ತಗೊಂಡು ಹೋಗುವ ಹುಡುಗಿಗೆ ಸಂಬಳ ಸರಿಯಾಗಿ ಆಗಲಿ, ಸುಮ್ನೆ ಶಾಲು ಹೊದಿಸಬೇಡಿ.