ಎಲೆಗೆ ಅಡ್ಡ ಹಿಡಿದ ಕೈ

ಭಾನುವಾರ ನಮ್ಮ ಹತ್ತಿರದ ಸಂಬಂಧಿಕರ ಮನೆಯಲ್ಲಿ ಗೃಹಪ್ರವೇಶವಿತ್ತು. ಎರಡನೆಯ ಪಂಕ್ತಿಯಲ್ಲಿ ನಾನೂ ನನ್ನ ದೊಡ್ಡ ಅಕ್ಕನೂ ಪಕ್ಕಪಕ್ಕದ ಎಲೆಗಳಲ್ಲಿ ಕುಳಿತಿದ್ದೆವು. ಅಕ್ಕನಿಗೆ ಸಕ್ಕರೆ ಕಾಯಿಲೆ ಬಂದು ಹನ್ನೊಂದು ವರ್ಷವಾಯಿತೆಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತಿದೆ. ಅವಳು ಅರ್ಧ ಹೋಳಿಗೆಯನ್ನಷ್ಟೇ ಹಾಕಿಸಿಕೊಂಡು, ಕೋಸಂಬರಿಯನ್ನೂ ಹೆಸರುಕಾಳಿನ ಪಲ್ಯವನ್ನೂ ಎರಡು ಸಲ ಕೇಳಿ ಬಡಿಸಿಕೊಂಡು, ನಿಧಾನವಾಗಿ ಉಣ್ಣುತ್ತಿದ್ದಳು. ಹೋಳಿಗೆಯ ಬುಟ್ಟಿ ಮತ್ತೊಮ್ಮೆ ಬಂದಾಗ ಎಡಗೈಯನ್ನು ಎಲೆಗೆ ಅಡ್ಡ ಹಿಡಿದು, "ಬ್ಯಾಡಪ್ಪ, ನನಗೆ ಶುಗರ್ ಐತಿ" ಎಂದಳು. "ಒಂದೇ ಒಂದು ಹಾಕಿಸ್ಕಳ್ರಿ ಅಮ್ಮಾರೆ, ಒಂದಿನಕ್ಕೇನಾಗಲ್ಲ" ಎಂದು ಬಡಿಸುವ ಹುಡುಗ ಹೋಳಿಗೆಯನ್ನು ಅವಳ ಕೈಯ ಮೇಲೆಯೇ ಇಟ್ಟ. ಅವನ ಹಿಂದೆ ಬಂದವನು ಅದರ ಮೇಲೆ ತುಪ್ಪ ಸುರಿದ. ತುಪ್ಪ ಅವಳ ಬೆರಳ ಸಂದಿಯಿಂದ ಇಳಿದು ಎಲೆಗೆ ಬಿತ್ತು. ಎದುರು ಪಂಕ್ತಿಯವರು ನಕ್ಕರು. ಅಕ್ಕನೂ ನಕ್ಕಳು, ಕೈ ತೆಗೆದಳು, ಉಂಡಳು. ಸೋಮವಾರ ಬೆಳಿಗ್ಗೆ ನಾನು ಫೋನ್ ಮಾಡಿ ಕೇಳಿದಾಗ ಖಾಲಿ ಹೊಟ್ಟೆಯ ಸಕ್ಕರೆ 214 ಇತ್ತು.

ಮೂರು ದಿನವಾದರೂ ಆ ತುಪ್ಪ ಸೋರಿದ ಕೈ ನನ್ನ ಕಣ್ಣಿನಿಂದ ಹೋಗುತ್ತಿಲ್ಲ. ನನಗೆ ಸಿಟ್ಟು ಬಂದಿದೆ. ಬಡಿಸಿದ ಆ ಹುಡುಗನ ಮೇಲಲ್ಲ, ಅವನು ಹಿರಿಯರಿಂದ ಕಲಿತದ್ದನ್ನೇ ಮಾಡಿದ. ಬೇಡವೆಂದು ಅಡ್ಡ ಹಿಡಿದ ಕೈಗೆ ಬೆಲೆಯೇ ಇಲ್ಲವೆಂದು ನಾವೆಲ್ಲ ಸೇರಿ ತೀರ್ಮಾನ ಮಾಡಿಕೊಂಡಿದ್ದೇವಲ್ಲ, ಅದರ ಮೇಲೆ.

ಕಳೆದ ವರ್ಷ ಏಪ್ರಿಲ್‌ನಲ್ಲಿ ನನ್ನ ತೂಕ 86 ಕಿಲೋ ಇತ್ತು. ಎತ್ತರ 166 ಸೆಂಟಿಮೀಟರ್. ಎತ್ತರಕ್ಕೆ ತಕ್ಕ ತೂಕವೇ ಎಂದು ತೋರಿಸುವ ಬಿಎಂಐ ಲೆಕ್ಕ ಹಾಕಿದರೆ 31 ದಾಟುತ್ತಿತ್ತು. ನಮ್ಮ ದೇಶದವರಿಗೆ 23ರಿಂದಲೇ ಅಧಿಕ ತೂಕ, 25ರಿಂದ ಬೊಜ್ಜು ಎಂದು ವೈದ್ಯರು ಎಣಿಸುತ್ತಾರೆ; ಅಷ್ಟೇ ಬಿಎಂಐ ಇರುವ ಯುರೋಪಿನವರಿಗಿಂತ ನಮ್ಮ ಮೈಯಲ್ಲಿ, ಅದರಲ್ಲೂ ಹೊಟ್ಟೆಯ ಸುತ್ತ, ಕೊಬ್ಬು ಹೆಚ್ಚಿರುವುದೇ ಇದಕ್ಕೆ ಕಾರಣ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು. ನನ್ನದು 104 ಇತ್ತು. ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯಲ್ಲಿ ನೂರಕ್ಕೆ 6.1 ಬಂತು. ಕಾಯಿಲೆಯ ಹೊಸ್ತಿಲಿನಲ್ಲಿದ್ದೀರಿ, ಇನ್ನೂ ಒಳಗೆ ಕಾಲಿಟ್ಟಿಲ್ಲ ಎಂದು ವೈದ್ಯರು ಹೇಳಿದರು. ಇಪ್ಪತ್ತೆಂಟು ವರ್ಷ ಮಕ್ಕಳಿಗೆ ವಿಜ್ಞಾನ ಪಾಠ ಹೇಳಿದವನು ನಾನು. ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ, ಒಂದು ಗ್ರಾಂ ಪಿಷ್ಟಕ್ಕೆ 4 ಎಂದು ಕಪ್ಪು ಹಲಗೆಯ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆ ಲೆಕ್ಕ ನನ್ನ ತಟ್ಟೆಗೂ ಸೇರಿದ್ದೆಂದು ಒಪ್ಪಿಕೊಳ್ಳಲು ನನಗೆ ಐವತ್ತನಾಲ್ಕನೆಯ ವಯಸ್ಸು ಬರಬೇಕಾಯಿತು.

ಅಂದಿನಿಂದ ಬೆಳಿಗ್ಗೆ ಐದೂವರೆಗೆ ಕುಂದವಾಡ ಕೆರೆಯ ಏರಿಯ ಮೇಲೆ ನಡೆಯುತ್ತಿದ್ದೇನೆ. ಮೊದಲ ತಿಂಗಳು ಮೊಣಕಾಲು ಎಷ್ಟು ನೋಯುತ್ತಿತ್ತೆಂದರೆ ಮನೆಯ ಮೆಟ್ಟಿಲನ್ನು ಗೋಡೆ ಹಿಡಿದು ಹತ್ತುತ್ತಿದ್ದೆ. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯಬೇಕು, ಎರಡು ದಿನವಾದರೂ ಸ್ನಾಯುಗಳಿಗೆ ಭಾರದ ಕೆಲಸ ಕೊಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಡಿಗೆ ಬೇಗ ರೂಢಿಯಾಯಿತು. ಭಾರದ ಕೆಲಸಕ್ಕೆ ಜಿಮ್ಮಿಗೆ ಹೋಗುವ ಧೈರ್ಯವಾಗಲಿಲ್ಲ, ಮನೆಯಲ್ಲೇ ಕುರ್ಚಿಯಿಂದ ಕೈ ಊರದೆ ಏಳುವುದು ಕೂರುವುದು ಮಾಡುತ್ತಿದ್ದೇನೆ. ರಾತ್ರಿ ಎರಡು ಮುದ್ದೆ ಇದ್ದದ್ದು ಒಂದಾಗಿದೆ, ಸೊಪ್ಪಿನ ಸಾರು ಹೆಚ್ಚಾಗಿದೆ, ದಿನಕ್ಕೊಂದು ಹೊತ್ತು ಮೊಳಕೆ ಹುರುಳಿಯೋ ಹೆಸರುಕಾಳೋ ಇದ್ದೇ ಇರುತ್ತದೆ. ಸಿರಿಧಾನ್ಯವಾದರೆ ಎಷ್ಟು ಬೇಕಾದರೂ ಉಣ್ಣಬಹುದು ಎಂದು ನಮ್ಮ ಕಡೆ ಒಂದು ನಂಬಿಕೆ ಹಬ್ಬಿದೆ. ನವಣೆಯಲ್ಲಿ ನಾರಿನಂಶ ಹೆಚ್ಚು, ಅದು ನಿಜ. ಆದರೆ ತೂಕಕ್ಕೆ ತೂಕ ಹಿಡಿದರೆ ಅದರ ಕ್ಯಾಲೊರಿ ಅಕ್ಕಿಗಿಂತ ಬಹಳ ಕಡಿಮೆಯೇನಲ್ಲ. ನಾನೂ ಎರಡು ತಿಂಗಳು ನವಣೆ ಅನ್ನವನ್ನು ರಾಶಿ ಹಾಕಿಕೊಂಡು ಉಂಡು, ತೂಕ ಯಾಕೆ ಇಳಿಯುತ್ತಿಲ್ಲವೆಂದು ಚಿಂತಿಸಿದವನೇ.

ಇವೆಲ್ಲ ಕಷ್ಟವೇ ಹೌದು, ಆದರೆ ಒಬ್ಬನೇ ಮಾಡಬಹುದಾದ ಕಷ್ಟಗಳು. ಒಬ್ಬನೇ ಮಾಡಲಾಗದ್ದು ಬೇಡವೆನ್ನುವುದು. ನಡಿಗೆ ಮುಗಿಸಿ ನಮ್ಮ ಗುಂಪಿನ ಐವರು ಬೆಣ್ಣೆ ದೋಸೆಗೆ ಹೋಗುವುದು ಹಳೆಯ ವಾಡಿಕೆ. ಸೌದೆ ಒಲೆಯ ಕಾವಲಿಯ ಮೇಲೆ ಮಂಡಕ್ಕಿ ರುಬ್ಬಿ ಸೇರಿಸಿದ ಹಿಟ್ಟು ಗರಿಗರಿಯಾಗಿ, ಮೇಲೆ ಬೆಣ್ಣೆ ಕರಗುವಾಗ ಬರುವ ಆ ವಾಸನೆಯನ್ನು ದಾವಣಗೆರೆಯವನಾದ ನಾನು ಕೆಟ್ಟದ್ದೆಂದು ಎಂದೂ ಹೇಳಲಾರೆ. ಆದರೆ ನನ್ನ ತೂಕದವನು ಒಂದು ಗಂಟೆ ಬಿರುಸಾಗಿ ನಡೆದರೆ ಕರಗುವುದು ಸುಮಾರು 300ರಿಂದ 400 ಕ್ಯಾಲೊರಿ. ಮೂವತ್ತು ಗ್ರಾಂ ಬೆಣ್ಣೆಯೊಂದರಲ್ಲೇ 200ಕ್ಕಿಂತ ಹೆಚ್ಚಿದೆ, ದೋಸೆ, ಪಲ್ಯ, ಚಟ್ನಿಯ ಲೆಕ್ಕ ಬೇರೆ. ನಾನು ಬರೀ ಚಹಾ ಕುಡಿಯುತ್ತೇನೆಂದರೆ, "ನಡದೀವಲ್ಲ ಮೇಷ್ಟ್ರೇ, ತಿನ್ರಿ" ಎಂದು ನನ್ನ ಮುಂದೊಂದು ತಟ್ಟೆ ತರಿಸಿಡುತ್ತಿದ್ದರು. ತರಿಸಿದ ಮೇಲೆ ಬಿಡುವುದು ಹೇಗೆ? ಕೊನೆಗೆ ನಾನು ನಡಿಗೆಯ ಹೊತ್ತನ್ನೇ ಬದಲಿಸಿದೆ. ನಾಲ್ಕು ತಿಂಗಳು ಒಬ್ಬನೇ ನಡೆದೆ. ಇಪ್ಪತ್ತು ವರ್ಷದ ಗೆಳೆಯರನ್ನು ಕೆರೆಯ ಏರಿಯ ಮೇಲೆ ದೂರದಿಂದ ಕಂಡು, ಅವರು ಹತ್ತಿರ ಬರುವ ಮೊದಲೇ ತಿರುಗಿ ಹೋದ ಬೆಳಗುಗಳು ನನಗೆ ಬಹಳ ನೋವು ಕೊಟ್ಟಿವೆ. ತೂಕ ಇಳಿಸಲು ನಾನು ತೆತ್ತದ್ದರಲ್ಲಿ ದೊಡ್ಡದು ದೋಸೆಯಲ್ಲ, ಆ ಜೊತೆ.

ಮತ್ತೆ ಅದೇ ಮಾತಿಗೆ ಬರುತ್ತೇನೆ. ಬೇಡ ಎಂದವನ ತಟ್ಟೆಗೆ ಹಾಕುವವರೇ ಆರು ತಿಂಗಳ ನಂತರ ಸಿಕ್ಕಾಗ "ಏನ್ರೀ, ಹೊಟ್ಟೆ ಬಂತಲ್ಲ" ಎನ್ನುತ್ತಾರೆ. ತೂಕ ಇಳಿದಿದ್ದರೆ "ಯಾಕ್ರೀ ಸೊರಗೀರಿ, ಶುಗರ್ ಬಂತಾ?" ಎಂದು ನಾಲ್ಕು ಜನರ ನಡುವೆ ಕೇಳುತ್ತಾರೆ. ದಪ್ಪಗಾದರೂ ತಪ್ಪು ನನ್ನದು, ತೆಳ್ಳಗಾದರೂ ರೋಗ ನನ್ನದು, ನಡುವೆ ಹಾಕಿದ ಹೋಳಿಗೆ ಮಾತ್ರ ಯಾರದೂ ಅಲ್ಲ ಎಂಬಂತೆ ಮಾತನಾಡುವುದು ನ್ಯಾಯವಲ್ಲ.

ಬಡಿಸುವುದು ಪ್ರೀತಿ, ಅದನ್ನು ಹೀಗೆ ಅಳೆಯಬೇಡ ಎಂದು ನನ್ನ ತಮ್ಮನೇ ಹೇಳಿದ. ಅವನ ಮಾತಿನ ಹಿಂದೆ ನಮ್ಮ ಅವ್ವ ಇದ್ದಾಳೆಂದು ನನಗೆ ಗೊತ್ತು. ಜಗಳೂರಿನ ಕಡೆಯ ಬೆದ್ದಲು ಹೊಲದ ಮನೆತನ ನಮ್ಮದು. 1965-66ರ ಬರದ ಕಾಲದಲ್ಲಿ ಅವ್ವ ರೇಷನ್ ಅಂಗಡಿಯ ಕೆಂಪು ಜೋಳಕ್ಕೆ ಸಾಲು ನಿಂತವಳು. ಮನೆಗೆ ಬಂದವರಿಗೆ ಎರಡನೆಯ ರೊಟ್ಟಿ ಹಾಕಲಾರದೆ ಒಳಗೆ ಹೋಗಿ ಅತ್ತದ್ದನ್ನು ನಮಗೆ ಹೇಳುತ್ತಿದ್ದಳು. ಅಂಥವಳ ಕೈ ಬಲವಂತವಾಗಿ ಬಡಿಸಿದರೆ ಅದಕ್ಕೊಂದು ಅರ್ಥವಿತ್ತು. ಹಸಿದವನು ಸಂಕೋಚದಿಂದ ಬೇಡ ಎನ್ನುತ್ತಾನೆ, ಅವನ ಸಂಕೋಚ ಬಿಡಿಸಲು ಒತ್ತಾಯ ಬೇಕು ಎಂಬುದು ಆ ಕಾಲದ ದೊಡ್ಡ ತಿಳಿವಳಿಕೆ, ಅದಕ್ಕೆ ನಾನು ತಲೆಬಾಗುತ್ತೇನೆ. ಆದರೆ ಭಾನುವಾರ ಆ ಪಂಕ್ತಿಯಲ್ಲಿ ಹಸಿದವರು ಯಾರಿದ್ದರು? 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ, ಇನ್ನೂ 13.6 ಕೋಟಿ ಜನ ನನ್ನಂತೆ ಹೊಸ್ತಿಲಿನಲ್ಲಿದ್ದಾರೆ. ನನಗೆ ಗೊತ್ತಿದ್ದ ಮಟ್ಟಿಗೆ ನಮ್ಮ ಸಾಲಿನಲ್ಲೇ ಆರು ಜನ ಗುಳಿಗೆ ನುಂಗಿ ಊಟಕ್ಕೆ ಕುಳಿತವರು. ಅವ್ವನ ಕಾಲದ ಒತ್ತಾಯ ಎದುರಿನವನ ಹೊಟ್ಟೆಯನ್ನು ನೋಡುತ್ತಿತ್ತು. ಈಗಿನದು ಮನೆಯ ಯಜಮಾನನ ಗೌರವವನ್ನು ನೋಡುತ್ತದೆ.

ಇನ್ನೊಂದು ಮಾತು ನನಗೆ ಹೆಚ್ಚು ಚುಚ್ಚುತ್ತದೆ: ನಿನ್ನ ನಾಲಿಗೆ ನಿನ್ನ ಹಿಡಿತದಲ್ಲಿದ್ದರೆ ಯಾರು ಒತ್ತಾಯ ಮಾಡಿದರೇನು ಎಂಬುದು. ಇದಕ್ಕೆ ಉತ್ತರ ಕೊಡುವ ಮೊದಲು ಹೆಂಡತಿಗೂ ನಾನು ಬಾಯಿಬಿಟ್ಟು ಹೇಳದ ಒಂದು ಸಂಗತಿಯನ್ನು ಹೇಳಬೇಕು. ಹೋದ ವರ್ಷದ ಗೌರಿ ಹಬ್ಬದ ದಿನ ಮಧ್ಯಾಹ್ನ ಎಲ್ಲರ ಮುಂದೆ ಹೋಳಿಗೆ ಬೇಡವೆಂದು ಗಟ್ಟಿಯಾಗಿ ಕುಳಿತವನು, ರಾತ್ರಿ ಹನ್ನೊಂದರ ಮೇಲೆ ಅಡುಗೆಮನೆಯ ದೀಪವನ್ನೂ ಹಾಕದೆ, ಸ್ಟೀಲ್ ಡಬ್ಬಿಯಿಂದ ತಣ್ಣಗಿನ ಮೂರು ಹೋಳಿಗೆ ನಿಂತಲ್ಲೇ ತಿಂದೆ. ರುಚಿ ಕೂಡ ಗೊತ್ತಾಗಲಿಲ್ಲ. ಬೆಳಿಗ್ಗೆ ಅವಳು ಡಬ್ಬಿ ತೊಳೆದಿಟ್ಟಳು, ಒಂದು ಮಾತೂ ಕೇಳಲಿಲ್ಲ. ಅವಳ ಆ ಮೌನಕ್ಕೆ ನಾನು ಇಂದಿಗೂ ಋಣಿ. ನನ್ನ ನಾಲಿಗೆ ಬಲವಾದದ್ದಲ್ಲ, ಒಪ್ಪುತ್ತೇನೆ. ಆದರೆ ತೂಕ ಇಳಿಸುತ್ತಿರುವವನ ದೇಹದಲ್ಲಿ ಏನು ನಡೆಯುತ್ತದೆಂಬುದನ್ನೂ ತಿಳಿಯಬೇಕಲ್ಲವೇ? ಕೊಬ್ಬು ಕರಗಿದಂತೆ ತೃಪ್ತಿಯ ಸೂಚನೆ ಕೊಡುವ ಲೆಪ್ಟಿನ್ ಕಡಿಮೆಯಾಗುತ್ತದೆ, ಹಸಿವೆಬ್ಬಿಸುವ ಗ್ರೆಲಿನ್ ಹೆಚ್ಚುತ್ತದೆ. 2011ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನವೊಂದರಲ್ಲಿ, ಹತ್ತು ವಾರ ಕಟ್ಟುನಿಟ್ಟಿನ ಪಥ್ಯ ಮಾಡಿ ತೂಕ ಇಳಿಸಿದವರನ್ನು ವರ್ಷವಾದ ಮೇಲೆ ಪರೀಕ್ಷಿಸಿದಾಗಲೂ ಈ ಹಾರ್ಮೋನುಗಳು ಮೊದಲಿನ ಮಟ್ಟಕ್ಕೆ ಮರಳಿರಲಿಲ್ಲ. ಅವರಿಗೆ ಹಸಿವೂ ಮೊದಲಿಗಿಂತ ಹೆಚ್ಚೇ ಇತ್ತು. ಅಂದರೆ ಕೈ ಅಡ್ಡ ಹಿಡಿದವನು ಹಸಿವಿಲ್ಲದವನಲ್ಲ, ಆ ಸಾಲಿನಲ್ಲಿ ಎಲ್ಲರಿಗಿಂತ ಹೆಚ್ಚು ಹಸಿದವನೇ ಅವನಿರಬಹುದು. ಅವನಲ್ಲಿರುವ ಅಷ್ಟಿಷ್ಟು ಬಲವನ್ನೆಲ್ಲ ಕೂಡಿಸಿ ಆ ಕೈಯನ್ನು ಅಡ್ಡ ಹಿಡಿದಿರುತ್ತಾನೆ. ಮೊದಲ ಸಲ ಬೇಡವೆನ್ನಲು ಆ ಬಲ ಸಾಕಾಗುತ್ತದೆ, ಎರಡನೆಯ ಸಲಕ್ಕೂ ಹೇಗೋ ಸಾಕಾಗಬಹುದು. ನಾಲ್ಕನೆಯ ಸಲ "ಒಂದೇ ಒಂದು" ಎಂದಾಗ ಅದು ಮುಗಿದುಹೋಗುತ್ತದೆ. ನಾಲಿಗೆ ದುರ್ಬಲವಾದದ್ದರಿಂದಲೇ ಪಕ್ಕದವರ ಸಹಾಯ ಬೇಕು ಎನ್ನುತ್ತಿದ್ದೇನೆ. ಕೆಲಸ ಏನೂ ಮಾಡಬೇಕಾಗಿಲ್ಲ, ಬುಟ್ಟಿಯನ್ನು ಮುಂದಿನ ಎಲೆಗೆ ಒಯ್ದರೆ ಸಾಕು.

ಒಂದು ದಿನಕ್ಕೇನಾಗುತ್ತದೆ ಎನ್ನುವವರಿಗೆ ನನ್ನ ತೂಕದ ಪುಸ್ತಕ ತೋರಿಸಬಲ್ಲೆ. ಮೊದಲ ಐದು ತಿಂಗಳಲ್ಲಿ 86ರಿಂದ 81ಕ್ಕೆ ಇಳಿದದ್ದು, ಮದುವೆಗಳು ಶುರುವಾದ ಮೇಲೆ ಎಂಟು ವಾರದಲ್ಲಿ 83ಕ್ಕೆ ಏರಿತು. ಆ ಎಂಟು ವಾರದಲ್ಲಿ ನಾನು ಹೋದ ಮದುವೆ, ನಾಮಕರಣ, ನಿಶ್ಚಿತಾರ್ಥಗಳು ಹದಿನೇಳು. ಹದಿನೇಳು ಕಡೆಯೂ ಒಂದೇ ದಿನವೆಂದೇ ಹೇಳಿದರು. ಆ ಎರಡು ಕಿಲೋ ಇಳಿಸಲು ಮತ್ತೆ ಮೂರು ತಿಂಗಳು ಹಿಡಿಯಿತು. ಈಗ 79 ಇದ್ದೇನೆ, ಸಕ್ಕರೆಯ ಸರಾಸರಿ 5.8. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ತೂಕವನ್ನು ನೂರಕ್ಕೆ 7ರಷ್ಟು ಇಳಿಸಿ ವಾರಕ್ಕೆ 150 ನಿಮಿಷ ನಡೆಯುವ ಗುರಿ ಕೊಟ್ಟ ಗುಂಪಿನಲ್ಲಿ, ಹೊಸ್ತಿಲಿನಲ್ಲಿದ್ದವರು ಸಕ್ಕರೆ ಕಾಯಿಲೆಗೆ ಬೀಳುವುದು ನೂರಕ್ಕೆ 58ರಷ್ಟು ಕಡಿಮೆಯಾಯಿತು. ನನಗೆ ಆ ನೂರಕ್ಕೆ 7 ಎಂದರೆ ಆರು ಕಿಲೋ. ಅಷ್ಟು ಸಣ್ಣ ಗೆಲುವು, ಅಷ್ಟು ದೊಡ್ಡ ಫಲ. ಅದನ್ನು ಕಾಪಾಡಿಕೊಳ್ಳುವುದು ನನಗೀಗ ಪ್ರಾಣದಷ್ಟೇ ಮುಖ್ಯ.

ಭಾನುವಾರದ ಇನ್ನೊಂದು ಸಂಗತಿಯನ್ನು ಮುಚ್ಚಿಡಲಾರೆ. ತುಪ್ಪ ಸುರಿಯುವಾಗ ಪಕ್ಕದ ಎಲೆಯಲ್ಲೇ ಕುಳಿತಿದ್ದ ನಾನು ಬಾಯಿ ತೆರೆಯಲಿಲ್ಲ. ಮನೆಯ ಯಜಮಾನರು ಎರಡು ಮಾರು ದೂರದಲ್ಲಿ ನಿಂತು ಎಲ್ಲರಿಗೂ "ಸಾವಕಾಶ ಉಣ್ರಿ" ಎನ್ನುತ್ತಿದ್ದರು, ಶುಭಕಾರ್ಯದಲ್ಲಿ ಕಹಿ ಮಾತೇಕೆಂದು ಸುಮ್ಮನಿದ್ದೆ. ಇಷ್ಟೇ ಅಲ್ಲ. ನಾಲ್ಕು ವರ್ಷದ ಹಿಂದೆ ಮಗಳ ಮದುವೆಯಲ್ಲಿ ಜಾಮೂನಿನ ಪಾತ್ರೆ ಹಿಡಿದು ಪಂಕ್ತಿಯಿಂದ ಪಂಕ್ತಿಗೆ ಓಡಾಡಿದವನು ನಾನೇ. ಅಂದೂ ಅಕ್ಕ ಎಲೆಗೆ ಕೈ ಅಡ್ಡ ಹಿಡಿದಿದ್ದಳು. "ನನ್ನ ಮಗಳ ಮದುವೆಗೂ ತಿನ್ನಲ್ಲೇನು?" ಎಂದು ಕೇಳಿ ಅವಳ ಕೈ ಸರಿಸಿ ಎರಡು ಹಾಕಿದ್ದೆ. ಆ ಹುಡುಗ ಹೋಳಿಗೆಯಿಟ್ಟಾಗ ಅಕ್ಕ ನನ್ನ ಕಡೆ ಒಮ್ಮೆ ನೋಡಿದಳು. ಅವಳಿಗೆ ಆ ಜಾಮೂನು ನೆನಪಾಯಿತೋ ಇಲ್ಲವೋ, ನನಗೆ ನೆನಪಾಯಿತು. ಸೋಮವಾರದ ಫೋನಿನಲ್ಲಿ ಅದಕ್ಕಾಗಿ ಕ್ಷಮೆ ಕೇಳಿದೆ. "ಹೋಗ್ಲಿ ಬಿಡೋ, ನೀನು ಪ್ರೀತಿಯಿಂದ ಹಾಕಿದ್ದಿ" ಎಂದಳು. ಅವಳು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಮುಂದಿನ ತಿಂಗಳು ನಮ್ಮ ಮನೆಯಲ್ಲಿ ಮೊಮ್ಮಗನ ನಾಮಕರಣವಿದೆ. ನಿನ್ನೆ ಸಂಜೆ ಅಡುಗೆಯವರು ಬಂದು ಪಟ್ಟಿ ಬರೆದುಕೊಂಡರು. ಹೋಳಿಗೆ ಇರುತ್ತದೆ, ತುಪ್ಪವೂ ಇರುತ್ತದೆ, ಉಣ್ಣುವವರು ಮನಸಾರೆ ಉಣ್ಣಲಿ. ಕೋಸಂಬರಿ ಎರಡು ಬಗೆಯಾಗಲಿ, ಪಲ್ಯ ಹೆಚ್ಚಿರಲಿ ಎಂದೆ. ಆಮೇಲೆ, ಎಲೆಗೆ ಯಾರು ಕೈ ಅಡ್ಡ ಹಿಡಿದರೂ ನಿಮ್ಮ ಹುಡುಗರು ಎರಡನೆಯ ಸಲ ಕೇಳದೆ ಮುಂದಿನ ಎಲೆಗೆ ಹೋಗಬೇಕು ಎಂದೆ. ಅವರು ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದರು. "ಹಂಗ್ ಮಾಡಿದ್ರೆ ಬಂದೋರು ಮನೆಯೋರು ಕೇಳ್ಲೇ ಇಲ್ಲ ಅಂತಾರೆ ಮೇಷ್ಟ್ರೇ. ನನ್ನ ಮಾತು ಹುಡುಗರು ಕೇಳಲ್ಲ, ನೀವೇ ಪಂಕ್ತಿಯಾಗ ನಿಂತು ಹೇಳ್ಬೇಕು" ಎಂದರು. ನಿಲ್ಲುತ್ತೇನೆ ಎಂದಿದ್ದೇನೆ. ಮೊದಲ ಪಂಕ್ತಿಯಲ್ಲಿ ಅಕ್ಕನ ಎಲೆ ಹಾಕಿಸಿ, ಅದರ ಪಕ್ಕದಲ್ಲೇ ನಿಲ್ಲುತ್ತೇನೆ.