7 ಮಿಲಿಮೀಟರ್

ಬಲ ಶ್ವಾಸಕೋಶದ ಕೆಳಭಾಗದಲ್ಲಿ 7 ಮಿಲಿಮೀಟರ್ ನಾಡ್ಯೂಲ್. ಅಕ್ಕನ ಸಿಟಿ ರಿಪೋರ್ಟ್‌ನ ಕೊನೆಯಲ್ಲಿದ್ದ ಸಾಲು ಇದು. ಸ್ಕ್ಯಾನ್ ಮಾಡಿಸಿದ್ದು ಬೇರೆ ಯಾವುದಕ್ಕೋ. ಅಂಗಿ ಗುಂಡಿಗಿಂತ ಸಣ್ಣ ಗಂಟು. ಆ ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲ. "ನಾಳೆನೇ ತೆಗೆಸಿಬಿಡೋಣ ಕಣೋ" ಅಂದಳು.

ಡಾಕ್ಟರು ಬೇಡ ಅಂದರು. ಆರು ತಿಂಗಳು ಬಿಟ್ಟು ಇನ್ನೊಂದು ಸ್ಕ್ಯಾನ್ ಮಾಡೋಣ ಅಂದರು. ನನಗೆ ಸಿಟ್ಟು ಬಂತು. ಕ್ಯಾನ್ಸರ್ ಇದ್ದರೂ ಇರಬಹುದು ಅಂತಾರೆ, ಕಾಯಿರಿ ಅಂತಲೂ ಹೇಳ್ತಾರೆ!

ಈಗ ನಾನು ಆ ಡಾಕ್ಟರ ಪರ.

ಇಂಥ ಗಂಟುಗಳಲ್ಲಿ ಹೆಚ್ಚಿನವು ಹಳೇ ಸೋಂಕಿನ, ಟಿಬಿಯ ಕಲೆಗಳು. ಅಮೆರಿಕದಲ್ಲಿ ವರ್ಷಗಟ್ಟಲೆ ಸಿಗರೇಟು ಸೇದಿದವರನ್ನು ಸ್ಕ್ಯಾನ್ ಮಾಡಿದ ದೊಡ್ಡ ಅಧ್ಯಯನವೊಂದರ ಫಲಿತಾಂಶ 2011ರಲ್ಲಿ ಬಂತು. ಅನುಮಾನ ಬಂದ ಸ್ಕ್ಯಾನ್‌ಗಳಲ್ಲಿ ಸುಮಾರು 96% ಕ್ಯಾನ್ಸರ್ ಆಗಿರಲೇ ಇಲ್ಲ. ಅಕ್ಕ ಸಿಗರೇಟು ಮುಟ್ಟಿದವಳೇ ಅಲ್ಲ.

ಹಾಗಂತ ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆ ಮಾಡಿಬಿಡೋಣ ಅಂದರೆ, ಉಸಿರಾಡಿದಾಗೆಲ್ಲ ಅಲುಗಾಡುವ ಗಂಟು ಅದು. ಗುರಿ ತಪ್ಪಬಹುದು. ಗಾಳಿ ಸೋರಿ ಶ್ವಾಸಕೋಶ ಕುಗ್ಗಬಹುದು. ಕ್ಯಾನ್ಸರನ್ನು ಹೊಳೆಯುವ ಹಾಗೆ ತೋರಿಸುವ ಪೆಟ್ ಸ್ಕ್ಯಾನ್ ಅಂತ ಇದೆ, ಅದಕ್ಕೆ 8 ಮಿಮೀಗಿಂತ ಸಣ್ಣದು ಸರಿಯಾಗಿ ಕಾಣುವುದಿಲ್ಲ. ಟಿಬಿ ಇದ್ದರೆ ಅದೂ ಕ್ಯಾನ್ಸರ್ ಥರಾನೇ ಹೊಳೆಯುತ್ತದೆ.

ಆದ್ದರಿಂದ ಬೆಳೆಯುತ್ತಾ ಅಂತ ನೋಡುವುದೇ ಪರೀಕ್ಷೆ. 7 ಇದ್ದದ್ದು 9 ಆದರೆ ಎರಡೇ ಮಿಲಿಮೀಟರ್ ಅಲ್ವಾ ಅನಿಸುತ್ತದೆ. ಆದರೆ ಗಂಟು ಗುಂಡಗಿರುತ್ತದೆ, ಎಲ್ಲ ಕಡೆಗೂ ಬೆಳೆಯುತ್ತದೆ. ಲೆಕ್ಕ ಹಾಕಿ ನೋಡಿ, ಅಷ್ಟಕ್ಕೇ ಅದರ ಗಾತ್ರ ಎರಡು ಪಟ್ಟು ದಾಟಿರುತ್ತದೆ. ಗಟ್ಟಿ ಗಂಟು ಎರಡು ವರ್ಷ ಹಾಗೇ ಇದ್ದರೆ ಸಾಮಾನ್ಯವಾಗಿ ನಿಶ್ಚಿಂತೆ. ಮಂಜಿನ ಹಾಗೆ ಮಸುಕಾಗಿ ಕಾಣುವ ಗಂಟು ಬೇರೆ ಜಾತಿಯದು. ಅದು ಕ್ಯಾನ್ಸರ್ ಆದರೂ ತುಂಬ ನಿಧಾನವಾಗಿ ಬೆಳೆಯುತ್ತದೆ, ಅದಕ್ಕೆ ಐದು ವರ್ಷ ಕಣ್ಣಿಡಬೇಕು.

ಕಾಯುವುದು ಅಂದರೆ ಮರೆಯುವುದಲ್ಲ. ನನ್ನ ಸಂಕಟ ಇರುವುದು ಇಲ್ಲಿ. ಸ್ಕ್ಯಾನ್ ಮಾಡಿದ ಆಸ್ಪತ್ರೆಯ ಡಿಸ್ಚಾರ್ಜ್ ಕಾಗದದಲ್ಲಿ ಈ ಗಂಟಿನ ಸುದ್ದಿಯೇ ಇರಲಿಲ್ಲ! ಅಕ್ಕ ರಿಪೋರ್ಟನ್ನು ಕೊನೆಯ ಸಾಲಿನವರೆಗೂ ಓದಿದ್ದಕ್ಕೆ ಗೊತ್ತಾಯಿತು. ಎಷ್ಟು ಮನೆಗಳಲ್ಲಿ ಆ ಸಾಲು ಕವರ್‌ನೊಳಗೇ ಉಳಿದಿದೆಯೋ! "ಫಾಲೋ ಅಪ್ ಮಾಡಿಸಿ" ಅಂತ ಬರೆದರೆ ಸಾಲದು. ಯಾವ ತಿಂಗಳು, ಯಾವ ಸ್ಕ್ಯಾನ್, ಯಾರಿಗೆ ತೋರಿಸಬೇಕು ಅಂತ ಬರೆದು ಕೊಡಬೇಕು. ಕೊಡದಿದ್ದರೆ ಕೇಳಿ ಬರೆಸಿಕೊಳ್ಳಿ. ಹಳೇ ಸ್ಕ್ಯಾನ್‌ನ ಸಿಡಿ ಎಸೆಯಬೇಡಿ. ರಿಪೋರ್ಟ್ ಹಾಳೆ ಮಾತ್ರ ಇದ್ದರೆ ಹೋಲಿಸಿ ನೋಡುವುದು ಕಷ್ಟ. ಬೆಳೆದದ್ದು ಬೇಗ ಗೊತ್ತಾದರೆ ಎಷ್ಟೋ ಸಲ ಶ್ವಾಸಕೋಶದ ಸಣ್ಣ ತುಂಡು ತೆಗೆದರೆ ಸಾಕಾಗುತ್ತದೆ.

ಆರು ತಿಂಗಳ ಸ್ಕ್ಯಾನ್ ಮುಗಿಯಿತು. ಅದೇ 7. ಇನ್ನೊಂದು ಸ್ಕ್ಯಾನ್ ಮುಂದಿನ ವರ್ಷ. ಅಕ್ಕ ತಾರೀಖು ಬರೆದು ಬೀರುವಿನ ಬಾಗಿಲ ಒಳಗೆ ಅಂಟಿಸಿದ್ದಾಳೆ. ನನ್ನ ಫೋನಿನಲ್ಲೂ ಇದೆ.