ಅಗ್ಗದ ದೋಣಿಯ ಜಮಾಖರ್ಚು

ಕಾಸರಗೋಡಿನ ಚಂದ್ರಗಿರಿ ಅಳಿವೆಯಲ್ಲಿ ಗಾಳ ಹಾಕುವ ಹುಚ್ಚಿನವರಿಗೆ 12 ಅಡಿಯ ಹಳೇ, ಸೋರುವ ಅಲ್ಯೂಮಿನಿಯಂ ದೋಣಿಯೊಂದು ಅಗ್ಗಕ್ಕೆ ಸಿಕ್ಕಿತೆನ್ನಿ. ಮರುದಿನದಿಂದ ಅಂಗಳದಲ್ಲಿ ಸಲಹೆಗಾರರಿಗೆ ಬರವಿಲ್ಲ. ಒಬ್ಬರು ಮಲಯಾಳದಲ್ಲಿ, ಇನ್ನೊಬ್ಬರು ತುಳುವಿನಲ್ಲಿ, ಮತ್ತೊಬ್ಬರು ಕನ್ನಡದಲ್ಲಿ ಹೇಳುವುದು ಒಂದೇ: “ಎಂ-ಸೀಲ್ ಮೆತ್ತಿ ಮಾರಾಯ್ರೆ, ಸಾಕು.”

ಸಾಕಾಗುವುದಿಲ್ಲ. ಎಂ-ಸೀಲ್ ಅಲುಗಾಡದ ಪೈಪಿಗೆ ಸರಿ. ದೋಣಿಯ ತಗಡು ಅಲೆ ಬಡಿದಾಗಲೆಲ್ಲ ಬಾಗುತ್ತದೆ, ಗಟ್ಟಿಯಾದ ಮುದ್ದೆ ಬಾಗದೆ ಬಿರಿಯುತ್ತದೆ. ಬೇಕಾದ್ದು ರಬ್ಬರಿನಂತೆ ಒಗ್ಗುವ ಪಾಲಿಯುರೆಥೇನ್ ಸೀಲಂಟ್. ಅದಕ್ಕೂ ಮೊದಲು ಸೋರುವ ಜಾಗ ಸಿಗಬೇಕಲ್ಲ? ಒಳಗೆ ನೀರು ತುಂಬಿಸಿ ಹೊರಗಿನಿಂದ ನೋಡಿ. ಆದರೆ ಅಂಥ ದೋಣಿಯಲ್ಲಿ 10 ಸೆಂಟಿಮೀಟರ್ ನೀರೆಂದರೆ ಸುಮಾರು 300 ಕಿಲೋ. ಎರಡು ಕೆಂಪುಕಲ್ಲಿನ ಮೇಲೆ ನಿಲ್ಲಿಸಿ ತುಂಬಿಸಿದರೆ ನಡು ಬಾಗಿ ಇಲ್ಲದ ತೂತೂ ಹುಟ್ಟುತ್ತದೆ. ದೋಣಿಯಡಿಗೆ ಉದ್ದಕ್ಕೂ ಹಳೇ ಟಯರು, ಮರಳು ಚೀಲ ಒತ್ತಾಗಿ ಕೊಡಿ. ತಳದ ತಗಡು ಜೋಡಿಸಿದ ರಿವೆಟ್ ಮೊಳೆ ಮುಳುಗುವಷ್ಟು ನೀರು ಧಾರಾಳ. ಹನಿ ಒಸರಿದಲ್ಲೆಲ್ಲ ಮಾರ್ಕರ್ ಗುರುತು.

ಸಡಿಲಾದ ರಿವೆಟ್ ಬಿಗಿ ಮಾಡುವುದು ಇಬ್ಬರ ಕೆಲಸ. ತಲೆಯ ಕಡೆ ಒಬ್ಬರು ಭಾರದ ಕಬ್ಬಿಣ ಒತ್ತಿ ಹಿಡಿಯಬೇಕು, ಆ ಕಡೆಯಿಂದ ಇನ್ನೊಬ್ಬರು ಬಡಿಯಬೇಕು. ಹಿಡಿದವರು ಫೋನು ತೆಗೆದ ಗಳಿಗೆಗೇ ಪೆಟ್ಟು ಬೀಳುವುದು ವಾಡಿಕೆ. ತೀರಾ ಸವೆದದ್ದನ್ನು ಕೊರೆದು ತೆಗೆದು, ತುದಿ ಮುಚ್ಚಿದ ಪಾಪ್ ರಿವೆಟ್ಟನ್ನು (ಒಂದೇ ಕಡೆಯಿಂದ ಗನ್ನಿನಲ್ಲಿ ಎಳೆದು ಕೂರಿಸುವಂಥದ್ದು) ಸೀಲಂಟ್ ಹಚ್ಚಿ ಹಾಕಿ. ಮಾಮೂಲಿ ಪಾಪ್ ರಿವೆಟ್‌ಗೆ ನಡುವೆಯೇ ತೂತು. ಸೋರಿಕೆ ನಿಲ್ಲಿಸಲು ದುಡ್ಡು ಕೊಟ್ಟು ಸೋರಿಕೆ ತಂದಹಾಗೆ.

ಮೀನು ಹಿಡಿಯಲು ನಿಂತುಕೊಳ್ಳಬೇಕೆಂದು ಮುಂದೆ ಅಟ್ಟ ಹಾಕುವಲ್ಲಿ ಬಜೆಟ್ ಮುಳುಗುತ್ತದೆ. 8×4 ಅಡಿಯ 12 ಮಿಲಿಮೀಟರ್ ಮರೈನ್ ಪ್ಲೈವುಡ್ ಹತ್ತಿರ ಹತ್ತಿರ 23 ಕಿಲೋ, 100 ಆಂಪಿಯರ್-ಅವರ್ ಬ್ಯಾಟರಿ ಸುಮಾರು 30 ಕಿಲೋ. ಆ ಬ್ಯಾಟರಿಯಿಂದ ತಿರುಗುವ ಮೋಟಾರು, ಆಂಗಲ್, ಬೋಲ್ಟು ಸೇರಿದರೆ ಒಬ್ಬ ಆಸಾಮಿ ಮೊದಲೇ ಹತ್ತಿ ಕೂತಂತಾಯ್ತು. ಅವನು ಗಾಳವನ್ನೂ ಹಾಕುವುದಿಲ್ಲ, ನೀರನ್ನೂ ಹೊರಹಾಕುವುದಿಲ್ಲ. ಅಟ್ಟ ಎತ್ತರವಾದಷ್ಟೂ ದೋಣಿ ಬೇಗ ಮಗುಚುತ್ತದೆ. ಕೂರುವ ಹಲಗೆಗಿಂತ ಮೇಲಕ್ಕೆ ಹೋಗದಿರುವುದೇ ನನಗೆ ಕಂಡ ಜಾಣತನ.

ಭರತದ ಹೊತ್ತಿಗೆ ಉಪ್ಪುನೀರು ಏರುವ ಜಾಗವಿದು. ಉಪ್ಪುನೀರಲ್ಲಿ ಅಲ್ಯೂಮಿನಿಯಂಗೆ ತಾಮ್ರ ತಾಗಿದರೆ ಸವೆಯುವುದು ಅಲ್ಯೂಮಿನಿಯಮ್ಮೇ. ಪ್ಲೈವುಡ್ಡಿಗೆ ಹುಳ ಬೀಳದಂತೆ ಹಾಕುವ ಮದ್ದಿನಲ್ಲೂ ಹಲವೊಮ್ಮೆ ತಾಮ್ರ ಇರುತ್ತದೆ. ಹಾಗಾಗಿ ಹಲಗೆಯ ಆರೂ ಮುಖಕ್ಕೆ ಎಪಾಕ್ಸಿ ಬಳಿದು, ತಗಡಿಗೆ ತಾಗುವಲ್ಲಿ ರಬ್ಬರ್ ಪಟ್ಟಿ ಕೊಡಿ. ಸ್ಟೀಲ್ ಬೋಲ್ಟಿಗೆ ನೈಲಾನ್ ವಾಷರ್. ಚಂದಕ್ಕೆಂದು ಕಾರ್ಪೆಟ್ ಹಾಸಿದರೆ ಉಪ್ಪುನೀರನ್ನು ಸಾಕಿ ಸಲಹಿದಂತೆ. ಬಣ್ಣದ ವಿಷಯದಲ್ಲೂ ಅಷ್ಟೆ: ಗೇಟಿಗೆ ಬಳಿದು ಉಳಿದ ರೆಡ್ ಆಕ್ಸೈಡ್ ಇಲ್ಲಿ ಸಿಪ್ಪೆ ಏಳುತ್ತದೆ, ಅಲ್ಯೂಮಿನಿಯಂಗೆ ಕಚ್ಚಿಕೊಳ್ಳುವ ಎಚ್ (etch) ಪ್ರೈಮರ್ ತನ್ನಿ.

ಮೀನಿಡಲು ಜಾಗ ಬೇಕೆಂದು ಆಸನದ ಕೆಳಗಿನ ಫೋಮ್ ಕಿತ್ತುಬಿಡುವವರಿದ್ದಾರೆ. ದೋಣಿಗೆ ನೀರು ತುಂಬಿದಾಗ ಅದನ್ನು ತೇಲಿಸುವುದು ಆ ಫೋಮೇ. ಒಂದು ಘನ ಅಡಿ ಸುಮಾರು 27 ಕಿಲೋ ಎತ್ತುತ್ತದೆ. ನೀರು ಕುಡಿದಿದ್ದರೆ ಬದಲಾಯಿಸಿ, ಆದರೆ ಥರ್ಮೊಕೋಲ್ ಬೇಡ. ಪೆಟ್ರೋಲ್ ಚೆಲ್ಲಿದರೆ ಕರಗಿಹೋಗುತ್ತದೆ.

ತಳದ ನೀರು ಬಿಡುವ ಬಿರಡೆ ಮಾತ್ರ ಎರಡು ಕೊಳ್ಳಿ. ಒಂದು ತೂತಿನಲ್ಲಿ, ಇನ್ನೊಂದು ಬ್ಯಾಟರಿಯ ಕ್ಲಾಂಪಿಗೆ ಕಟ್ಟಿದ್ದು. ಕ್ಲಾಂಪ್ ಹಾಕದೆ ಮೋಟಾರು ತಿರುಗುವುದಿಲ್ಲ, ಹಾಕುವಾಗ ಬಿರಡೆ ಕೈಗೆ ತಾಗಿಯೇ ತಾಗುತ್ತದೆ, ತಳದ ತೂತು ಮುಚ್ಚಿದೆಯೋ ಎಂದು ನೆನಪಿಸುತ್ತದೆ.